ಮಾಷ್ಟ್ರಲ್ಲಿ ಕೇಳಿ: ಆರ್ಥಿಕ ಮುಗ್ಗಟ್ಟು ಬಂದರೆ ಏನಾಗುತ್ತದೆ?

ಅಡ್ಮಿನ್: ಇವತ್ತು ನಮ್ಮ ನಿವೃತ್ತ ಅರ್ಥಶಾಸ್ತ್ರ ಮಾಷ್ಟ್ರು ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ, ಹೆಸರಿನ ಬದಲು ನಿಮ್ಮ ಊರು ಹಾಕಿ.

ಬದಿಯಡ್ಕ: ನಮಸ್ಕಾರ ಮಾಷ್ಟ್ರೇ. ಮುಗ್ಗಟ್ಟು ಬಂದರೆ ಅಡಿಕೆಗೆ ರೇಟು ಬೀಳ್ತದಾ?

ಮಾಷ್ಟ್ರು: ಬೀಳಬಹುದು. ಜನರ ಕೈಯಲ್ಲಿ ದುಡ್ಡು ಓಡದಿದ್ದರೆ ಕೊಳ್ಳುವವರು ಕಡಿಮೆ. ಯಾವಾಗ, ಎಷ್ಟು ಎಂದು ಹೇಳುವವರನ್ನು ನಂಬಬೇಡಿ.

ಮುಳ್ಳೇರಿಯ: ಸರ್, ಅಜ್ಜನ ಲೆಕ್ಕದ ಪುಸ್ತಕ ಸಿಕ್ಕಿದೆ. 1932ರಲ್ಲಿ ಅಜ್ಜಿಯ ಚಿನ್ನ ಮಾರಿ ತೀರ್ವೆ (ಭೂಕಂದಾಯ) ಕಟ್ಟಿದ್ದಾರೆ. ಆ ವರ್ಷ ಪತ್ತಾಯ ತುಂಬ ಭತ್ತ ಇತ್ತೆಂದೂ ಬರೆದಿದ್ದಾರೆ. ಹಾಗಾದರೆ ಚಿನ್ನ ಯಾಕೆ ಮಾರಿದ್ದು?

ಮಾಷ್ಟ್ರು: ಆ ಪುಸ್ತಕಕ್ಕೆ ಗೆದ್ದಲು ಹಿಡಿಯದಂತೆ ನೋಡಿಕೊಳ್ಳಿ. ಅಜ್ಜನಿಗೆ ಕೈಕೊಟ್ಟದ್ದು ಬೆಲೆ. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಶೇರುಪೇಟೆ ಕುಸಿದ ಮೇಲೆ ಕೆಲವೇ ವರ್ಷದಲ್ಲಿ ನಮ್ಮಲ್ಲಿ ಧಾನ್ಯದ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ತೀರ್ವೆಯಾಗಲಿ ಸಾಹುಕಾರನ ಸಾಲವಾಗಲಿ ಹಾಗೆ ಇಳಿಯಲಿಲ್ಲ. ಹತ್ತು ಮುಡಿ ಅಕ್ಕಿ ಮಾರಿ ಕಟ್ಟುತ್ತಿದ್ದವನಿಗೆ ಇಪ್ಪತ್ತು ಮುಡಿ ಬೇಕಾಯಿತು. ಅಷ್ಟರಲ್ಲಿ, 1931ರ ಸೆಪ್ಟೆಂಬರಿನಲ್ಲಿ, ಬ್ರಿಟನ್ ಪೌಂಡಿಗೂ ಚಿನ್ನಕ್ಕೂ ಇದ್ದ ಗಂಟು ಬಿಚ್ಚಿತು. ರೂಪಾಯಿ ಪೌಂಡಿಗೆ ಕಟ್ಟಿಕೊಂಡಿತ್ತು, ಹಾಗಾಗಿ ಇಲ್ಲಿ ಚಿನ್ನದ ಬೆಲೆ ಏರಿತು. ಕಷ್ಟದಲ್ಲಿದ್ದ ಮನೆಗಳ ಒಡವೆ ಬೊಂಬಾಯಿಗೆ ಹೋಗಿ ಹಡಗು ಹತ್ತಿತು. ಅಜ್ಜಿಯ ಚಿನ್ನವೂ ಅದೇ ದಾರಿ ಹಿಡಿದಿರಬಹುದು, ನೆನೆದರೆ ಸಂಕಟವಾಗುತ್ತದೆ. ಇಲ್ಲಿಯ ಬೆಲೆಗಳು ಚೇತರಿಸಲಿ, ರೂಪಾಯಿಯ ಬೆಲೆ ಇಳಿಸಿ ಎಂದು ಇಲ್ಲಿಯ ವ್ಯಾಪಾರಿಗಳು ಕೇಳಿಕೊಂಡರೂ ಸರಕಾರ ಒಂದು ರೂಪಾಯಿಯನ್ನು ಬ್ರಿಟಿಷ್ ನಾಣ್ಯದ 1 ಶಿಲಿಂಗ್ 6 ಪೆನ್ಸಿಗೇ ಕಟ್ಟಿಹಾಕಿತ್ತು.

ರೈತರ ಈ ಸಿಟ್ಟು ಮತಪೆಟ್ಟಿಗೆಗೂ ಹೋಯಿತು. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿತ್ತು. 1937ರಲ್ಲಿ ಪ್ರಾಂತ್ಯಕ್ಕೆ ರಾಜಾಜಿಯವರ ಕಾಂಗ್ರೆಸ್ ಸರಕಾರ ಬಂತು, 1938ರಲ್ಲಿ ರೈತರ ಸಾಲ ಪರಿಹಾರ ಕಾಯಿದೆ. 1932ರ ಅಕ್ಟೋಬರಿಗೆ ಮುಂಚಿನ ಸಾಲಗಳ ಬಾಕಿ ಬಡ್ಡಿ ವಜಾ ಆಯಿತು. ನಿಮ್ಮ ಪುಸ್ತಕದಲ್ಲಿ 1938ರ ಪುಟ ಉಂಟಾ?

ಉಪ್ಪಳ: (ಫಾರ್ವರ್ಡ್) ಎಲ್ಲರೂ ಎಫ್‌ಡಿ ಮುರಿದು ಚಿನ್ನ ಮಾಡಿ! ಜರ್ಮನಿಯಲ್ಲಿ ನೋಟು ಒಲೆಗೆ ಹಾಕಿದರು, ಹಾಗಾಗಿ ಹಿಟ್ಲರ್ ಬಂದ!

ಮಾಷ್ಟ್ರು: ಇದನ್ನು ಮುಂದೆ ಕಳಿಸಬೇಡಿ. ಬೆಲೆ ಆಕಾಶಕ್ಕೇರಿ, ನೋಟು ಕಸವಾಗಿ ಒಲೆಗೆ ಹಾಕಿದ್ದು 1923ರಲ್ಲಿ. 1928ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ಸಿಕ್ಕಿದ್ದು ಶೇಕಡಾ 3ಕ್ಕಿಂತ ಕಡಿಮೆ ಮತ. ಆಮೇಲೆ ಮುಗ್ಗಟ್ಟು ಬಂತು. ಚಾನ್ಸೆಲರ್ ಬ್ರೂನಿಂಗ್ ಸರಕಾರ ಸಂಬಳ, ಭತ್ಯೆ ಕತ್ತರಿಸಿತು, ನಿರುದ್ಯೋಗಿಗಳು 60 ಲಕ್ಷದ ಹತ್ತಿರ ಹೋದರು. 1932ರ ಜುಲೈಯಲ್ಲಿ ಅದೇ ಪಕ್ಷಕ್ಕೆ ಶೇಕಡಾ 37. ಆ ಮುಗ್ಗಟ್ಟಿನಲ್ಲಿ ನೋಟಿನ ಬೆಲೆ ಏರಿತು, ವಸ್ತುವಿನ ಬೆಲೆ ಬಿತ್ತು. ಅಮೆರಿಕದಲ್ಲಿ 1930–33ರೊಳಗೆ ಸುಮಾರು 9000 ಬ್ಯಾಂಕು ಮುಚ್ಚಿದ್ದಕ್ಕೆ ಎಲ್ಲರೂ ಒಟ್ಟಿಗೆ ದುಡ್ಡು ತೆಗೆಯಲು ಬ್ಯಾಂಕಿಗೆ ಓಡಿದ್ದೂ ಒಂದು ಕಾರಣ.

ಪೆರ್ಲ: ಹಾಗಾದರೆ ಬ್ಯಾಂಕಿನಲ್ಲಿ ಇಟ್ಟದ್ದು ಭದ್ರವಾ ಮಾಷ್ಟ್ರೇ?

ಮಾಷ್ಟ್ರು: ಬ್ಯಾಂಕಿನಲ್ಲಿ ಒಬ್ಬರಿಗೆ, ಬಡ್ಡಿ ಸೇರಿ, 5 ಲಕ್ಷದವರೆಗೆ ವಿಮೆ. ಊರಿನ ಸರ್ವಿಸ್ ಸಹಕಾರಿ ಸಂಘದ ಠೇವಣಿಗೆ ಈ ವಿಮೆ ಇಲ್ಲ, ಕೇರಳ ರಾಜ್ಯದ ಖಾತರಿ ನಿಧಿ ಬೇರೆ ಉಂಟು. ನಿಮ್ಮ ಸಂಘ ಅದರಲ್ಲಿ ಸೇರಿದೆಯೇ ಎಂದು ಕೇಳಿ.

ಕುಂಬಳೆ: ಮಗ ದುಬೈಯಲ್ಲಿ. ಅಲ್ಲಿ ಕೆಲಸ ಹೋದರೆ ಇಲ್ಲಿ ಮನೆ ಸಾಲ ಎಂತ ಮಾಡುವುದು ಸರ್?

ಮಂಜೇಶ್ವರ: ಅಡಿಕೆ ರೇಟು ಬೀಳ್ತದಾ?

ಮಾಷ್ಟ್ರು: ಮೇಲೆ ಓದಿ.

ನೀಲೇಶ್ವರ: ರಾಜಾಜಿಗೆ ಮಾತ್ರ ಹೆಸರಾ? ರೈತ ಸಂಘದವರು ಬೀದಿಗೆ ಇಳಿಯದಿದ್ದರೆ ಯಾವ ಕಾಯಿದೆ ಬರ್ತಿತ್ತು? ಕಯ್ಯೂರಿನ ರೈತ ಹೋರಾಟದ ನಾಲ್ವರು 1943ರಲ್ಲಿ ನೇಣಿಗೆ ಹೋದದ್ದು ಸುಮ್ಮನೆಯಾ?

ಪೆರ್ಲ: ಕಯ್ಯೂರು ಘಟನೆ ನಡೆದದ್ದೇ 1941ರಲ್ಲಿ. 1938ರ ಕಾಯಿದೆಗೂ ಅದಕ್ಕೂ ಎಂತ ಸಂಬಂಧ?

ನೀಲೇಶ್ವರ: ಗೇಣಿ ಕೊಟ್ಟ ಮನೆಯವರಿಗೆ ಗೊತ್ತು ಸಂಬಂಧ. ನಿಮ್ಮದು ಗೇಣಿ ತೆಗೆದುಕೊಂಡ ಮನೆ.

ಪೆರ್ಲ: ಮನೆ ವಿಷಯಕ್ಕೆ ಬರಬೇಡಿ ಮಾರಾಯ್ರೆ.

ಉಪ್ಪಳ: ಕಷ್ಟ ಬಂದಾಗ ಗಟ್ಟಿ ನಾಯಕ ಬೇಕು ಅಷ್ಟೆ.

ಮಾಷ್ಟ್ರು: ಜರ್ಮನಿಯವರೂ ಹಾಗೇ ಅಂದದ್ದು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1933ರ ಮಾರ್ಚಿನಲ್ಲಿ ಬ್ಯಾಂಕುಗಳನ್ನೆಲ್ಲ ಮುಚ್ಚಿಸಿ, ಪರೀಕ್ಷಿಸಿ, ಗಟ್ಟಿಯಿದ್ದವನ್ನು ತೆರೆಸಿದರು. ಅದೇ ವರ್ಷ ಠೇವಣಿ ವಿಮೆಗೆ ಕಾನೂನಾಯಿತು. ಮತ ಹಾಕುವ ಹಕ್ಕು ಯಾರಿಂದಲೂ ಕಿತ್ತುಕೊಳ್ಳಲಿಲ್ಲ.

ಉಪ್ಪಳ: ಮಾಷ್ಟ್ರು ರಾಜಕೀಯ ಮಾತಾಡ್ತಾರೆ.

ಮಾಷ್ಟ್ರು: ವಿಷಯವೇ ಅದು.

ಕುಂಬಳೆ: ಸರ್, ನನ್ನ ಪ್ರಶ್ನೆ?

ನೀಲೇಶ್ವರ: ಮೊದಲು ಪೆರ್ಲದವರು ಉತ್ತರ ಕೊಡಲಿ.

ಮುಳ್ಳೇರಿಯ: 1938ರ ಪುಟ ಉಂಟು ಸರ್. ‘ಬಡ್ಡಿ ಬಿಟ್ಟಿದೆ, ಅಸಲು ಬಾಕಿ’ ಅಂತ.

ಮಾಷ್ಟ್ರು: ಆ ಪುಟದ ಫೋಟೊ ನನಗೆ ಬೇರೆಯಾಗಿ ಕಳಿಸಿ. ಈ ಗಲಾಟೆಯಲ್ಲಿ ಓದಲಿಕ್ಕಾಗುವುದಿಲ್ಲ.