ಅಪ್‌ಡೇಟ್: 4294967297 ಅವಿಭಾಜ್ಯ ಅಲ್ಲ, 641ರಿಂದ ಭಾಗವಾಗುತ್ತದೆ

2³² + 1, ಅಂದರೆ 4294967297, ಅವಿಭಾಜ್ಯವೇ? ಆಧಾರ 2 ಇಟ್ಟು ಮಾಡಿದ ಫರ್ಮಾ ಪರೀಕ್ಷೆ (2ⁿ⁻¹ ಅನ್ನು n ಇಂದ ಭಾಗಿಸಿ ಶೇಷ 1 ಬಂದರೆ n ಅವಿಭಾಜ್ಯ ಇರಬಹುದು ಅನ್ನುವ ಪರೀಕ್ಷೆ) ಹೌದು ಅನ್ನುತ್ತಿದೆಯಲ್ಲ ಎಂದು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಅಲ್ಲ. 641 × 6700417. ಆಯ್ಲರ್ 1732ರಲ್ಲೇ ತೋರಿಸಿದ್ದು.

ಪರೀಕ್ಷೆ ದಾರಿ ತಪ್ಪಿಸಿದ್ದು ಹೀಗೆ: ಈ ಸಂಖ್ಯೆಯಿಂದ ಭಾಗಿಸಿದಾಗ 2³²ರ ಶೇಷ −1 ಇದ್ದಂತೆ, ಹಾಗಾಗಿ 2⁶⁴ರ ಶೇಷ 1. ಪರೀಕ್ಷೆಯ ಘಾತ n − 1, ಅಂದರೆ 2³², ಅದು 64ರ ಗುಣಕ. ಅಂದಮೇಲೆ ಉತ್ತರ 1 ಬರಲೇಬೇಕು. ಇದಕ್ಕಿಂತ ಬಿಗಿಯಾದ ಮಿಲ್ಲರ್-ರಾಬಿನ್ ಪರೀಕ್ಷೆ ಕೂಡ ಆಧಾರ 2ರಲ್ಲಿ ಮೋಸಹೋಗುತ್ತದೆ. ಆಧಾರ 3 ಇಡಿ, ಬಣ್ಣ ಬಯಲಾಗುತ್ತದೆ.

ಕೈಲೆಕ್ಕ ಇನ್ನೂ ಸಲೀಸು. ಇದರ ಅವಿಭಾಜ್ಯ ಅಪವರ್ತನಗಳೆಲ್ಲ 128k + 1 ರೂಪದವು (ಗಣಿತಜ್ಞ ಲ್ಯೂಕಾಸ್ ತೋರಿಸಿದ್ದು). 129, 257, 385, 513, 641: ಇವುಗಳಲ್ಲಿ ಅವಿಭಾಜ್ಯ 257 ಮತ್ತು 641 ಮಾತ್ರ. 257 ಸ್ವತಃ ಫರ್ಮಾ ಸಂಖ್ಯೆ (ಘಾತವೂ 2ರ ಘಾತವೇ ಆಗಿರುವ 2⁸ + 1, 2³² + 1 ಥರದ್ದು), ಇನ್ನೊಂದು ಫರ್ಮಾ ಸಂಖ್ಯೆಯನ್ನು ಭಾಗಿಸದು. ಉಳಿದದ್ದು ಒಂದೇ ಭಾಗಾಕಾರ!

6700417 ಅವಿಭಾಜ್ಯವೇ ಅನ್ನುವುದಕ್ಕೂ ಇದೇ ಜರಡಿ; ಅದರ ಅಪವರ್ತನಗಳು ಮೂಲ ಸಂಖ್ಯೆಯ ಅಪವರ್ತನಗಳೂ ಹೌದಲ್ಲ. ವರ್ಗಮೂಲ 2588ರ ಆಸುಪಾಸು. ಅಲ್ಲಿಯವರೆಗೆ ನೋಡಬೇಕಾದವು 641, 769, 1153, 1409. ಶೇಷ ಕ್ರಮವಾಗಿ 44, 120, 334, 622. ಸೊನ್ನೆ ಎಲ್ಲೂ ಇಲ್ಲ.

ಕೋಡ್ ಬರೆಯುವವರಿಗೆ: 32-ಬಿಟ್ ಅನ್‌ಸೈನ್ಡ್ ವೇರಿಯಬಲ್‌ನಲ್ಲಿ ಈ ಸಂಖ್ಯೆ ಸದ್ದಿಲ್ಲದೆ 1 ಆಗಿಬಿಡುತ್ತದೆ. 64-ಬಿಟ್ ಕೂಡ ಪೂರ್ತಿ ಸಾಲದು. ಪರೀಕ್ಷೆಯಲ್ಲಿ ಶೇಷವನ್ನು ಮತ್ತೆ ಮತ್ತೆ ವರ್ಗ ಮಾಡಬೇಕು; ಶೇಷ 2³² ಆಗಿದ್ದಾಗ ಅದರ ವರ್ಗ 2⁶⁴, ಹಿಡಿಸುವ ಗರಿಷ್ಠಕ್ಕಿಂತ ಸರಿಯಾಗಿ ಒಂದು ಹೆಚ್ಚು. ಪೈಥಾನ್‌ನಲ್ಲಿ ಈ ತಲೆನೋವಿಲ್ಲ.