ಅಪ್‌ಡೇಟ್: ನನ್ನ ಮಾಡೆಲ್ ರೈಲುಗಳ ಡೇಟಾಬೇಸ್ ಸಿದ್ಧವಾಯಿತು

ಕಲಬುರಗಿಯ ನಮ್ಮ ಮನೆಯಲ್ಲಿರುವ ಮಾಡೆಲ್ ರೈಲುಗಳ ಲೆಕ್ಕ ಎಕ್ಸೆಲ್‌ನಲ್ಲೇ ಇಡಲಾ, ಡೇಟಾಬೇಸ್ ಮಾಡಲಾ ಅಂತ ಕೇಳಿದ್ದೆ. ನೀವು ಹೇಳಿದ ಹಾಗೆ ಲಿಬ್ರೆಆಫೀಸ್ ಬೇಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಮಾಡಿದೆ. ತುಂಬಾ ಖುಷಿಯಾಗಿದೆ.

ಕಂಪನಿಗಳಿಗೆ ಒಂದು ಟೇಬಲ್, ಎಂಜಿನ್ ಮತ್ತು ಬೋಗಿಗಳಿಗೆ ಇನ್ನೊಂದು. ಸ್ಕೇಲ್, ಅಂದರೆ ಮಾಡೆಲ್ ನಿಜವಾದ ರೈಲಿಗಿಂತ ಎಷ್ಟು ಪಟ್ಟು ಚಿಕ್ಕದು ಅನ್ನೋದನ್ನ, ಪಟ್ಟಿಯಿಂದ ಆರಿಸಿದರಾಯಿತು: ಎಚ್‌ಒ 1:87, ಎನ್ 1:160.

ಜಾಸ್ತಿ ಉಪಯೋಗಕ್ಕೆ ಬಂದಿದ್ದು ಡಿಸಿಸಿ ವಿಳಾಸದ ಕಾಲಂ. ಡಿಸಿಸಿ ಅಂದರೆ ಹಳಿಯ ಮೂಲಕ ಡಿಜಿಟಲ್ ಸಂಕೇತ ಕಳಿಸಿ ಪ್ರತಿ ಎಂಜಿನ್ ಅನ್ನೂ ಬೇರೆಬೇರೆಯಾಗಿ ಓಡಿಸುವ ವ್ಯವಸ್ಥೆ; ವಿಳಾಸ ಅಂದರೆ ಆ ಎಂಜಿನ್‌ನ ನಂಬರ್. ಹೊಸ ಡಿಕೋಡರ್ (ಎಂಜಿನ್ ಒಳಗೆ ಆ ಸಂಕೇತ ಓದುವ ಚಿಪ್) ಸಾಮಾನ್ಯವಾಗಿ 3ನೇ ವಿಳಾಸದಲ್ಲೇ ಬರುತ್ತದೆ. ಬದಲಿಸದಿದ್ದರೆ ಒಂದು ಎಂಜಿನ್ ಓಡಿಸಿದಾಗ ಇನ್ನೊಂದೂ ಹೊರಡುತ್ತದೆ ಅಲ್ವಾ? ಈಗ ಅದೇ ನಂಬರ್ ಮತ್ತೆ ಹಾಕಲು ಹೋದರೆ ಬೇಸ್ ಒಪ್ಪುವುದಿಲ್ಲ.

ನಮ್ಮ ಜಿಲ್ಲೆಯ ವಾಡಿ ಜಂಕ್ಷನ್‌ನ ಲೇಔಟ್ (ಹಳಿ, ನಿಲ್ದಾಣ ಎಲ್ಲ ಇರುವ ಪುಟ್ಟ ಮಾದರಿ) ಕಟ್ಟುವ ಆಸೆಯಿದೆ. ಅಲ್ಲಿ ಸೋಲಾಪುರ, ಗುಂತಕಲ್, ಸಿಕಂದರಾಬಾದ್ ಲೈನ್‌ಗಳು ಸೇರುತ್ತವೆ. ಅದಕ್ಕೇ ‘ಯಾವ ಲೈನಿನ ಗಾಡಿ’ ಅನ್ನೋ ಕಾಲಂ ಕೂಡ ಸೇರಿಸಿದ್ದೇನೆ.