ಭಾರಲೋಹ, ತೇಲುವ ಕಣ, ಮೇಲ್ಮೈ ನೀರು: ಭೀಮಾ ದಂಡೆಯವರಿಗೆ ಯಾವ ಪದ?

ಬಲ್ಲವರಿಗೆ ನಮಸ್ಕಾರ.

ಪುಣೆ ಪಕ್ಕದ ಪಿಂಪ್ರಿಯಲ್ಲಿ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನನ್ನ ಕೆಲಸ. ನದಿ ನೀರಿಗೆ ಲೋಹ ಸೇರುವ ವಿಚಾರದ ಒಂದು ಮರಾಠಿ ಕರಪತ್ರವನ್ನು ಕನ್ನಡಕ್ಕೆ ತಂದುಕೊಡಿ ಎಂದು ಇಲ್ಲಿನ ಕನ್ನಡ ಬಳಗದವರು ಗಂಟುಬಿದ್ದಿದ್ದಾರೆ. ಓದುವವರು ಇಂಡಿ, ಅಫಜಲಪುರ ಕಡೆಯ ರೈತರು. ಇಲ್ಲಿನ ಪವನಾ ನದಿ ದಾಪೋಡಿಯಲ್ಲಿ ಮುಳಾಕ್ಕೆ ಸೇರುತ್ತದೆ, ಮುಳಾ-ಮುಠಾ ಪುಣೆಯಲ್ಲಿ ಕೂಡಿಕೊಂಡು ಮುಂದೆ ಭೀಮಾಕ್ಕೆ ಬೀಳುತ್ತವೆ, ಭೀಮಾ ಉಜನಿ ಜಲಾಶಯ ದಾಟಿ ಅವರ ಹೊಲದ ಬದಿಗೇ ಬರುತ್ತದೆ. ಹಾಗಾಗಿ ಇಲ್ಲಿನ ಕೊಳೆ ಅವರಿಗೆ ದೂರದ ಸುದ್ದಿಯಲ್ಲ.

ಮರಾಠಿಯಲ್ಲಿರುವುದು ‘ಜಡ ಧಾತು’. ಅದನ್ನೇ ಎತ್ತಿಕೊಂಡು ‘ಜಡಲೋಹ’ ಎಂದು ಬರೆದರೆ ಕೆಟ್ಟಿತು. ಅವರ ಜಡ ಎಂದರೆ ಭಾರ. ನಮ್ಮ ಜಡ ಅಲುಗಾಡದ್ದು, ಚೈತನ್ಯವಿಲ್ಲದ್ದು. ಶಾಲೆಯಲ್ಲಿ ಜಡಾನಿಲ ಓದಿದ ಹುಡುಗ ಇದನ್ನು ಯಾವುದರ ಜೊತೆಗೂ ಸೇರದ ಸಾಧು ಲೋಹ ಅಂದುಕೊಂಡರೆ ತಪ್ಪು ಅವನದಲ್ಲ. ಪತ್ರಿಕೆಗಳಲ್ಲಿ ಓಡಾಡುವ ‘ಭಾರಲೋಹ’ ಮೇಲು. ಆದರೆ ಅದರಲ್ಲೂ ಒಂದು ಮುಳ್ಳಿದೆ. ಕರಡು ಓದಿದ ನಮ್ಮ ಮಾವ ಕೇಳಿದ್ದು: “ಭಾರ ಇದ್ದದ್ದು ತಳಕ್ಕ ಕೂಡತೈತಲ್ಲೋ, ಮ್ಯಾಲಿನ ತಿಳಿನೀರ ತಗೊಂಡ್ರ ಆತು.”

ಮಾತು ನ್ಯಾಯವೇ. ಗಟ್ಟಿ ಸೀಸ ನೀರಿಗಿಂತ 11 ಪಟ್ಟು ಭಾರ, ಪಾದರಸ 13 ಪಟ್ಟಿಗೂ ಹೆಚ್ಚು. ಆದರೆ ನದಿಯಲ್ಲಿ ಬರುವುದು ಗುಂಡಿನಂಥ ಸೀಸವಲ್ಲ. ಒಂದಿಷ್ಟು ಉಪ್ಪಿನ ರೂಪದಲ್ಲಿ ನೀರಿನಲ್ಲೇ ಕರಗಿರುತ್ತದೆ, ಎಷ್ಟು ದಿನ ಇಟ್ಟರೂ ತಳ ಹಿಡಿಯುವುದಿಲ್ಲ. ಲೋಹದ ಲೇಪ ಕೊಡುವ ಪ್ಲೇಟಿಂಗ್ ಕಾರ್ಖಾನೆಗಳ ಆರು ವೇಲೆನ್ಸಿಯ ಕ್ರೋಮಿಯಂ ಈ ಜಾತಿಯದು. ಸೀಸ ಮತ್ತು ಮೂರು ವೇಲೆನ್ಸಿಯ ಕ್ರೋಮಿಯಂ ಬಹುಪಾಲು ಜೇಡಿಮಣ್ಣಿನ ಸಣ್ಣ ಕಣಗಳಿಗೆ ಅಂಟಿಕೊಂಡು ಸವಾರಿ ಮಾಡುತ್ತವೆ. ಪಟಿಕ ಹಾಕಿದರೆ ಈ ಎರಡನೆಯ ಪಾಲು ಮಣ್ಣಿನೊಡನೆ ಕೆಳಗಿಳಿಯುತ್ತದೆ, ಕರಗಿದ್ದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಕುದಿಸಿದರಂತೂ ನೀರು ಆವಿಯಾಗಿ ಲೋಹ ಉಳಿಯುತ್ತದೆ, ಅಷ್ಟೇ. ಕುಡಿಯುವ ನೀರಿನಲ್ಲಿ ಸೀಸಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂಗೆ 0.003. ಅಷ್ಟನ್ನು ಕಣ್ಣು ಹಿಡಿಯಲಾರದು, ನಾಲಿಗೆಯೂ ಹಿಡಿಯಲಾರದು.

‘ವಿಷಲೋಹ’ ಎಂದರೆ ಹೇಗೆ ಎಂದು ಬಳಗದ ಒಬ್ಬರ ಸಲಹೆ. ಹೆದರಿಸಲು ಚೆನ್ನಾಗಿದೆ. ಆದರೆ ಭಾರಲೋಹಗಳ ಪಟ್ಟಿಯಲ್ಲೇ ಇರುವ ಸತು, ತಾಮ್ರ ಅಲ್ಪಸ್ವಲ್ಪ ಮೈಗೂ ಬೇಕು, ಬೆಳೆಗೂ ಬೇಕು. ಸತುವಿನ ಗೊಬ್ಬರ ಹಾಕುವ ರೈತನಿಗೆ ಅದನ್ನು ವಿಷ ಎಂದರೆ ನಕ್ಕಾನು. ನನ್ನ ಒಲವು ‘ಭಾರಲೋಹ’ವನ್ನು ಒಮ್ಮೆ ಹೇಳಿಬಿಟ್ಟು, ಮುಂದೆಲ್ಲ ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಎಂದು ಹೆಸರು ಹಿಡಿದೇ ಬರೆಯುವ ಕಡೆಗೆ.

ನಿಜವಾದ ತಲೆನೋವು ನೀರಿನಲ್ಲಿ ಕರಗದೆ, ತಳಕ್ಕೂ ಇಳಿಯದೆ ನಿಂತ ಕಣಗಳದ್ದು, ಇಂಗ್ಲಿಷಿನವರು ‘ಸಸ್ಪೆಂಡೆಡ್’ ಎನ್ನುವಂಥವು. ಫೋನಿನ ಅನುವಾದಕ ‘ಅಮಾನತುಗೊಂಡ ಕಣಗಳು’ ಎಂದು ಕೊಟ್ಟಿತು. ಯಾವ ಸಾಹೇಬರ ಆದೇಶವೋ! ಮರಾಠಿಯ ‘ನಿಲಂಬಿತ’ ನೌಕರನಿಗೂ ಕಣಕ್ಕೂ ಒಂದೇ; ನಮ್ಮಲ್ಲಿ ನೌಕರ ಅಮಾನತು, ಪಠ್ಯಪುಸ್ತಕದ ಕಣ ಮಾತ್ರ ನಿಲಂಬಿತ. ಅದು ಪರೀಕ್ಷೆ ಮುಗಿದ ಮೇಲೆ ಯಾರ ಬಾಯಲ್ಲೂ ಉಳಿದಿಲ್ಲ. ‘ತೇಲುವ ಕಣ’ ಸುಲಭ, ಆದರೆ ತೇಲುವುದು ಮೇಲೆ: ನೊರೆ, ಎಣ್ಣೆ, ಥರ್ಮೋಕೋಲ್ ಚೂರು. ನಾವು ಅಳೆಯುವುದು ನೀರಿನ ನಡುವೆ ನಿಂತದ್ದನ್ನು. ಗಾಜಿನ ನಾರಿನ ಸೋಸುಹಾಳೆಯಲ್ಲಿ ಅಳತೆ ಮಾಡಿದ ನೀರು ಇಳಿಸಿ, 105 ಡಿಗ್ರಿಯ ಒಲೆಯಲ್ಲಿ ಒಣಗಿಸಿ, ತೂಗುತ್ತೇವೆ. ಮಳೆಗಾಲದ ನೀರಾದರೆ ಬಿಳಿ ಹಾಳೆಯ ಮೇಲೆ ಕಂದು ಕೆನೆ ಕಟ್ಟುತ್ತದೆ, ಒಣಗಿದಾಗ ಅಂಚಿನಲ್ಲಿ ಬಿರುಕು ಬಿಟ್ಟು ಏಳುತ್ತದೆ. ಕರಗಿದ ಲೋಹಕ್ಕೆ ಬೇರೆ ಲೆಕ್ಕ: 0.45 ಮೈಕ್ರಾನಿನ ಪೊರೆಯಲ್ಲಿ ಸೋಸಿ ಇಳಿದದ್ದು ಮಾತ್ರ. ಸೋಸುವ ಮೊದಲೇ ಆಸಿಡ್ ಹಾಕಿಬಿಟ್ಟರೆ ಕಣಕ್ಕೆ ಅಂಟಿದ್ದೂ ಬಿಟ್ಟುಕೊಂಡು ಎರಡೂ ಕಲಸುಮೇಲೋಗರ.

ಮಣ್ಣು ಕದಡಿದ ನೀರಿಗೆ ಹಳೇ ಮೈಸೂರಿನವರು ಹೇಳುವ ‘ಬಗ್ಗಡ’ ನನಗೆ ಬಲು ಹಿಡಿಸಿದೆ. ಬಗ್ಗಡದ ಕಣ, ಬಗ್ಗಡಕ್ಕೆ ಅಂಟಿದ ಸೀಸ. ಕೇಳಿದೊಡನೆ ಚಿತ್ರ ಕಟ್ಟುತ್ತದೆ. ಆದರೆ ಇಂಡಿಯಲ್ಲಿ ಅದು ನಡೆದೀತೇ? ಅಲ್ಲಿ ನಾನು ಕೇಳಿರುವುದು ‘ರಾಡಿ ನೀರು’. ರಾಡಿ ಎಂದರೆ ಕಾಲಿಗೆ ಮೆತ್ತುವ ಕೆಸರೂ ಹೌದು. ತಳ ಸೇರಿದ ಮೇಲಿನದಕ್ಕೆ ಚರ್ಚೆ ಬೇಡ, ‘ಹೂಳು’ ಎಲ್ಲರದೂ. ಉಜನಿಯಂಥ ಕಡೆ ಹರಿವು ನಿಧಾನವಾದಾಗ ಕಣ ಹೂಳಾಗುತ್ತದೆ, ಲೋಹವೂ ಅದರೊಡನೆ ತಳ ಸೇರುತ್ತದೆ. ತಳದಲ್ಲಿ ಆಮ್ಲಜನಕ ತೀರಿದರೆ ಅದರಲ್ಲಿ ಒಂದಷ್ಟು ಮತ್ತೆ ನೀರಿಗಿಳಿಯುತ್ತದೆ. ಹಾಗಾಗಿ ಕರಗಿದ್ದು, ಬಗ್ಗಡ, ಹೂಳು ಮೂರಕ್ಕೂ ಬೇರೆಬೇರೆ ಪದ ಬೇಕೇ ಬೇಕು.

ಇನ್ನು ಅಂತರ್ಜಲವಲ್ಲದ, ನೆಲದ ಮೇಲಿನ ನೀರು. ಅದನ್ನು ‘ಮೇಲ್ಮೈ ನೀರು’ ಎಂದರೆ ಕೆರೆಯ ಮೇಲ್ಪದರ ಎಂದೇ ಓದಿಕೊಳ್ಳುತ್ತಾರೆ. ‘ಹೊಳಿ, ಹಳ್ಳ, ಕೆರಿ ನೀರು’ ಎಂದು ಬಿಡಿಸಿ ಬರೆದಿದ್ದೇನೆ, ಅದನ್ನು ಬದಲಿಸುವುದಿಲ್ಲ.

ಭೀಮಾ ದಂಡೆಯವರು ಇದ್ದರೆ ಹೇಳಿ: ಹೊಸ ನೀರು ಬಂದಾಗ ಕೊಡದಲ್ಲಿ ರಾತ್ರಿಯಿಡೀ ಇಟ್ಟರೂ ತಿಳಿಯಾಗದ ನೀರಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಆ ತಿಳಿಯಾಗದ ಅಂಶಕ್ಕೇ ಬೇರೆ ಹೆಸರಿದೆಯೇ? ಕರಪತ್ರ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ.